ಕುವಲಾಲಪುರಕ್ಕೆ ಮೂರು ದಿನದ ಯಾತ್ರೆ

ಶ್ರಾವಕನ ಹನ್ನೆರಡು ವ್ರತಗಳಲ್ಲಿ ಎರಡು ವ್ರತಗಳು ನೇರವಾಗಿ ಪ್ರಯಾಣಕ್ಕೆ ಸಂಬಂಧಿಸಿದವು. ಹತ್ತು ದಿಕ್ಕುಗಳಲ್ಲಿ ತಾನು ಎಲ್ಲಿಯವರೆಗೆ ಹೋಗುವೆನೆಂದು ಜೀವಮಾನಕ್ಕೆ ಎಲ್ಲೆ ಹಾಕಿಕೊಳ್ಳುವುದು ದಿಗ್ವ್ರತ. ಆ ಎಲ್ಲೆಯನ್ನೂ ಒಂದು ದಿನಕ್ಕೆ, ಪಕ್ಷಕ್ಕೆ, ಮಾಸಕ್ಕೆ ಮತ್ತಷ್ಟು ಕಿರಿದುಗೊಳಿಸುವುದು ದೇಶವ್ರತ. ಇವುಗಳ ಗಣನೆಯಲ್ಲಿ ಆಚಾರ್ಯರಲ್ಲಿ ಭೇದವುಂಟು. ತತ್ತ್ವಾರ್ಥಸೂತ್ರದ ಸಂಪ್ರದಾಯದಲ್ಲಿ ಎರಡೂ ಗುಣವ್ರತಗಳೆನಿಸಿದರೆ, ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಎರಡನೆಯದನ್ನು ದೇಶಾವಕಾಶಿಕವೆಂದು ಕರೆದು ಶಿಕ್ಷಾವ್ರತಗಳ ಸಾಲಿಗೆ ಸೇರಿಸುತ್ತಾರೆ. ಎಲ್ಲೆಯನ್ನು ಗುರುತಿಸಲು ನದಿ, ಬೆಟ್ಟ, ಅರಣ್ಯ, ಊರು, ಹೊಲಗಳನ್ನು ಅವರು ಹೆಸರಿಸಿರುವುದು ಗಮನಾರ್ಹ. ಎಲ್ಲೆ ಹಾಕಿಕೊಳ್ಳಬೇಕಾದರೆ ಮೊದಲು ಸುತ್ತಲಿನ ನದಿ ಯಾವುದು, ಬೆಟ್ಟ ಯಾವುದು ಎಂಬುದು ತಿಳಿದಿರಬೇಕು. ಇಂದಿನ ಅನೇಕ ಕುಟುಂಬಗಳಲ್ಲಿ ಇಲ್ಲದಿರುವುದು ಈ ತಿಳಿವಳಿಕೆಯೇ.

ಸಾಲು ರಜೆ ಬಂದಾಗ ಈ ಕೊರತೆ ಎದ್ದು ಕಾಣುತ್ತದೆ. 2024ರಲ್ಲಿ ಜನವರಿ 26 ಶುಕ್ರವಾರ ಬಂದಿತು. 2026ರಲ್ಲಿ ಅದೇ ದಿನ ಸೋಮವಾರ. ಹೀಗೆ ಮೂರು ದಿನ ಒಟ್ಟಿಗೆ ದೊರೆತೊಡನೆ ಮಕ್ಕಳಿಗೆ ಐತಿಹಾಸಿಕ ನಗರವೊಂದನ್ನು ತೋರಿಸಬೇಕೆಂಬ ಸದುದ್ದೇಶದಿಂದ ಬೆಂಗಳೂರಿನ ಕುಟುಂಬಗಳು ಹಂಪೆಗೋ ವಿಜಾಪುರಕ್ಕೋ ಹೊರಡುತ್ತವೆ. ಉದ್ದೇಶದಲ್ಲಿ ತಪ್ಪಿಲ್ಲ. ಆದರೆ ಮೂರರಲ್ಲಿ ಎರಡು ದಿನ ಹಾದಿಯಲ್ಲಿಯೇ ಕಳೆದುಹೋಗುತ್ತದೆ. ಸೂರ್ಯಾಸ್ತವು ಹೆದ್ದಾರಿಯ ನಡುವೆ ಆಗುತ್ತದೆ. ಮನೆಯ ಹಿರಿಯರು ರಾತ್ರಿಭೋಜನ ತ್ಯಾಗವನ್ನು ಉಳಿಸಿಕೊಳ್ಳಲು ಹಸಿದೇ ಮಲಗುತ್ತಾರೆ, ಕಿರಿಯರು ಬಿಟ್ಟುಬಿಡುತ್ತಾರೆ. ಇತ್ತ ಬೆಂಗಳೂರಿನಿಂದ ಸುಮಾರು 70 ಕಿಲೋಮೀಟರ್ ದೂರದ ಕೋಲಾರವನ್ನು ತಿರುಪತಿಗೆ, ಚೆನ್ನೈಗೆ ಹೋಗುವ ವಾಹನಗಳು ನಿಲ್ಲದೆ ದಾಟಿಹೋಗುತ್ತವೆ. ಗಂಗರ ರಾಜಧಾನಿಯೊಂದರ ಪಕ್ಕದಲ್ಲಿ ಹಾದೆವೆಂಬ ಅರಿವು ಆ ವಾಹನಗಳಲ್ಲಿ ಎಷ್ಟು ಮಂದಿಗೆ ಇರುತ್ತದೆಯೋ!

ಕೋಲಾರದ ಪ್ರಾಚೀನ ಹೆಸರು ಕುವಲಾಲ. ಗಂಗರು ನಾಲ್ಕನೆಯ ಶತಮಾನದಲ್ಲಿ ಇಲ್ಲಿಂದ ಆಳ್ವಿಕೆಯನ್ನು ಆರಂಭಿಸಿ ಮುಂದೆ ಕಾವೇರಿ ತೀರದ ತಲಕಾಡಿಗೆ ರಾಜಧಾನಿಯನ್ನು ಬದಲಿಸಿದರು. ಆದರೆ ಹೆಸರನ್ನು ಬಿಡಲಿಲ್ಲ. ರಾಜಧಾನಿ ಬದಲಾದ ಶತಮಾನಗಳ ನಂತರವೂ ‘ಕುವಲಾಲಪುರವರೇಶ್ವರ’, ‘ನಂದಗಿರಿನಾಥ’ ಎಂಬ ಬಿರುದುಗಳು ಗಂಗ ಅರಸರ ಶಾಸನಗಳಲ್ಲಿ ಮುಂದುವರಿದವು. ಹಳೆಯ ಅಂಗಡಿಯನ್ನು ಮುಚ್ಚಿ ದೊಡ್ಡ ಪೇಟೆಗೆ ಹೋದ ವರ್ತಕನು ಹುಟ್ಟೂರಿನ ಹೆಸರನ್ನು ಹೊಸ ಅಂಗಡಿಯ ಫಲಕದ ಮೇಲೆ ಉಳಿಸಿಕೊಳ್ಳುವಂತೆ ಇದು. ನಂದಗಿರಿಯೆಂದರೆ ಇಂದಿನ ನಂದಿಬೆಟ್ಟ. ಆ ಭಾಗ 2007ರಲ್ಲಿ ಕೋಲಾರದಿಂದ ಬೇರ್ಪಟ್ಟು ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿತು.

ಗಂಗರಾಜ್ಯದ ಸ್ಥಾಪನೆಯ ಕಥೆ ಜೈನ ಮನೆಗಳಲ್ಲಿ ತಿಳಿಯದ್ದಲ್ಲ. ದಡಿಗ, ಮಾಧವರೆಂಬ ಸೋದರರು ಪೇರೂರಿನಲ್ಲಿ ಸಿಂಹನಂದಿ ಆಚಾರ್ಯರನ್ನು ಕಂಡದ್ದು, ಆಚಾರ್ಯರ ಅನುಗ್ರಹದಿಂದ ಮಾಧವನು ಖಡ್ಗದ ಒಂದೇ ಪೆಟ್ಟಿಗೆ ಕಲ್ಲಿನ ಕಂಬವನ್ನು ಕಡಿದದ್ದು, ನವಿಲುಗರಿಯ ಪಿಂಛವು ಅವರ ಧ್ವಜವಾದದ್ದು, ನಂದಗಿರಿ ಕೋಟೆಯೂ ಕುವಲಾಲ ನಗರವೂ ಗಂಗವಾಡಿ ತೊಂಬತ್ತಾರು ಸಾಸಿರ ನಾಡೂ ಆದದ್ದು. ಈ ವೃತ್ತಾಂತವನ್ನು ವಿಸ್ತಾರವಾಗಿ ಹೇಳುವುದು ಶಿವಮೊಗ್ಗ ತಾಲ್ಲೂಕಿನ ಕಲ್ಲೂರಗುಡ್ಡದ 1121ರ ಶಾಸನ. ರಾಜ್ಯವನ್ನು ಕೊಡುವಾಗ ಆಚಾರ್ಯರು ವಿಧಿಸಿದ ಷರತ್ತುಗಳೂ ಅದರಲ್ಲಿವೆ. ಆಡಿದ ಮಾತಿಗೆ ತಪ್ಪಿದರೆ, ಜಿನಶಾಸನಕ್ಕೆ ಒಲ್ಲೆನೆಂದರೆ, ಪರಸ್ತ್ರೀಯರನ್ನು ಬಯಸಿದರೆ, ಮದ್ಯಮಾಂಸಗಳನ್ನು ಸೇವಿಸಿದರೆ, ಹೀನರ ಸಂಗ ಮಾಡಿದರೆ, ಬೇಡಿ ಬಂದವರಿಗೆ ಕೊಡದಿದ್ದರೆ, ಯುದ್ಧದಲ್ಲಿ ಬೆನ್ನು ತೋರಿದರೆ ವಂಶ ಕೆಡುತ್ತದೆ ಎಂಬುದು ಅದರ ಭಾವ. ಏಳರಲ್ಲಿ ಮೊದಲನೆಯದು ಮಾತು. ಮದ್ಯಮಾಂಸಗಳು ನಾಲ್ಕನೆಯ ಸ್ಥಾನಕ್ಕೆ ಬರುತ್ತವೆ. ಆಹಾರನಿಯಮದಲ್ಲಿ ಕೂದಲೆಳೆಯಷ್ಟೂ ತಪ್ಪದೆ, ಕೊಟ್ಟ ವಾಯಿದೆಗೆ ಹಣ ತಲಪಿಸುವುದರಲ್ಲಿ ಮಾತ್ರ ಉದಾರವಾಗಿ ತಪ್ಪುವ ಸಜ್ಜನರು ಈ ಕ್ರಮವನ್ನು ಒಮ್ಮೆ ಗಮನಿಸುವುದು ಒಳ್ಳೆಯದು.

ಹೀಗಿದ್ದರೂ ಈ ಕಥೆಯನ್ನು ಮಕ್ಕಳಿಗೆ ಹೇಳುವಾಗ ಎರಡು ಸಂಗತಿಗಳನ್ನು ಮರೆಮಾಚಬಾರದು. ಮೊದಲನೆಯದು, ಶಾಸನ ದೊರೆತಿರುವುದು ಕೋಲಾರದಲ್ಲಿ ಅಲ್ಲ, ಕರ್ನಾಟಕದ ಮತ್ತೊಂದು ಅಂಚಿನಲ್ಲಿ. ಎರಡನೆಯದು, ಅದು ಹುಟ್ಟಿದ್ದು ಗಂಗರಾಜ್ಯ ಸ್ಥಾಪನೆಯಾಗಿ ಏಳು ಶತಮಾನಗಳಿಗೂ ಹೆಚ್ಚು ಕಾಲ ಸಂದ ಮೇಲೆ, ತಲಕಾಡಿನ ಗಂಗರಾಜ್ಯವೇ ಅಳಿದ ನಂತರ. ಸಿಂಹನಂದಿಗಳ ಹೆಸರು ಅದಕ್ಕಿಂತ ಮುಂಚಿನ ದಾಖಲೆಯಲ್ಲಿಯೂ ಇದೆ. ಪೃಥ್ವೀಪತಿಯ ಹತ್ತನೆಯ ಶತಮಾನದ ಉದಯೇಂದಿರಂ ತಾಮ್ರಪಟಗಳು ಗಂಗಕುಲವು ಅವರಿಂದ ಅಭಿವೃದ್ಧಿ ಹೊಂದಿತೆನ್ನುತ್ತವೆ. ಆದುದರಿಂದ ಪರಂಪರೆ ನಿರಾಧಾರವಲ್ಲ. ಆದರೆ ಕಣ್ಣಾರೆ ಕಂಡವರ ಸಾಕ್ಷ್ಯವೂ ಅಲ್ಲ. ಖಂಡಗದ ಕಥೆ ಪರಂಪರೆಯೆಂದೂ, ಶಾಸನದ ಕಾಲ 1121 ಎಂದೂ ಎರಡನ್ನೂ ಒಟ್ಟಿಗೆ ಹೇಳಿದರೆ ಆಚಾರ್ಯರ ಗೌರವಕ್ಕೆ ಕುಂದೇನೂ ಇಲ್ಲ.

ಮೊದಲ ದಿನ ಕೋಲಾರ ಪಟ್ಟಣ. ಊರ ದೇವತೆ ಕೋಲಾರಮ್ಮನ ಗುಡಿಯೇ ಇಲ್ಲಿಯ ಮುಖ್ಯ ಸ್ಮಾರಕ. ಸುಮಾರು 1004ರಲ್ಲಿ ಚೋಳರು ತಲಕಾಡನ್ನು ಗೆದ್ದು ಗಂಗವಾಡಿಯನ್ನು ವಶಪಡಿಸಿಕೊಂಡ ಮೇಲೆ ಈ ಸೀಮೆಗೆ ನಿಕರಿಲಿಚೋಳಮಂಡಲವೆಂಬ ಹೆಸರಾಯಿತು. ಗುಡಿಯ ಗೋಡೆಗಳ ಮೇಲಿರುವ ತಮಿಳು ಶಾಸನಗಳು ದೇವಿಯನ್ನು ಪಿಡಾರಿಯಾರ್ ಎಂದು ಕರೆಯುತ್ತವೆ. ಇಟ್ಟಿಗೆಯದಾಗಿದ್ದ ಕಟ್ಟಡ ರಾಜೇಂದ್ರ ಚೋಳನ ಕಾಲದಲ್ಲಿ ಕಲ್ಲಿನದಾಯಿತು. ಪಕ್ಕದಲ್ಲಿ ಚೇಳಮ್ಮನ ಸನ್ನಿಧಿಯಿದೆ. ಅಲ್ಲಿ ಹರಕೆ ಹೊತ್ತವರಿಗೆ ಚೇಳಿನ ಭಯವಿಲ್ಲವೆಂಬುದು ಜನರ ನಂಬಿಕೆ. ನೆಲದಲ್ಲಿ ಹುಗಿದಂತಿರುವ ಹುಂಡಿಯೊಳಕ್ಕೆ ಕಾಣಿಕೆ ಹಾಕುತ್ತಾರೆ. ಸಮೀಪದ ಸೋಮೇಶ್ವರ ದೇವಾಲಯ ವಿಜಯನಗರ ಕಾಲದ್ದು. ಅದರ ಕಲ್ಯಾಣಮಂಟಪದ ಕಂಬಗಳ ಮುಂದೆ ಅರ್ಧ ಗಂಟೆಯಾದರೂ ನಿಲ್ಲಬೇಕು. ಹೈದರಾಲಿಯ ತಂದೆ ಫತೇ ಮಹಮ್ಮದನ ಸಮಾಧಿಯಿರುವ ಮಕ್ಬರವೂ ಇದೇ ಊರಿನಲ್ಲಿದೆ. 1782ರಲ್ಲಿ ಹೈದರಾಲಿ ತೀರಿಕೊಂಡಾಗ ಅವನ ದೇಹವನ್ನು ಮೊದಲು ಇಲ್ಲಿಗೆ ತಂದು ಆಮೇಲೆ ಶ್ರೀರಂಗಪಟ್ಟಣಕ್ಕೆ ಒಯ್ದರು. ಸಂಜೆಗೆ ಮುನ್ನ ಶತಶೃಂಗ ಬೆಟ್ಟದ ಅಂತರಗಂಗೆಗೆ ಮೆಟ್ಟಿಲು ಹತ್ತಿದರೆ ಕಲ್ಲಿನ ಬಸವನ ಬಾಯಿಂದ ನೀರು ಬೀಳುವುದನ್ನು ಮಕ್ಕಳು ಬೆರಗಿನಿಂದ ನೋಡುತ್ತಾರೆ. ಕೋತಿಗಳಿಂದ ತಿಂಡಿಯ ಚೀಲವನ್ನು ಕಾಪಾಡಿಕೊಳ್ಳಬೇಕಾದುದೊಂದೇ ಅಲ್ಲಿಯ ಕಷ್ಟ.

ಇಷ್ಟರಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತದೆ. ಗಂಗರ ರಾಜಧಾನಿಯೆಂದ ಮೇಲೆ ಬಸದಿ ಎಲ್ಲಿ? ಮಕ್ಕಳು ಕೇಳುವುದು ಸಹಜ. ಈ ಪ್ರಶ್ನೆಯ ಮುಂದೆ ಹಿರಿಯರ ಸತ್ಯಾಣುವ್ರತಕ್ಕೆ ಪರೀಕ್ಷೆ ಬರುತ್ತದೆ. ಕುಳಿತ ಮೂರ್ತಿಯೊಂದು ಕಂಡರೆ ಸಾಕು, ‘ಇದು ಹಿಂದೆ ನಮ್ಮದೇ ಆಗಿತ್ತು’ ಎಂದುಬಿಡುವ ಅಭ್ಯಾಸ ಯಾತ್ರಾತಂಡಗಳಲ್ಲಿ ಬೆಳೆದಿದೆ. ಒಬ್ಬರು ಅಂದುದನ್ನು ಇನ್ನೊಬ್ಬರು ಸ್ಮರಣಸಂಚಿಕೆಯಲ್ಲಿ ಅಚ್ಚು ಹಾಕಿಸುತ್ತಾರೆ. ಹತ್ತು ವರ್ಷಗಳಲ್ಲಿ ಅದೇ ಆಧಾರವಾಗುತ್ತದೆ. ಕರ್ನಾಟಕದಲ್ಲಿ ಬಸದಿಗಳು ಅನ್ಯರ ಗುಡಿಗಳಾದ ನಿದರ್ಶನಗಳಿಲ್ಲವೆಂದಲ್ಲ. ಆದರೆ ಪ್ರತಿಯೊಂದಕ್ಕೂ ಶಾಸನವೋ ಶಿಲ್ಪವೋ ಆಧಾರವಾಗಿ ಬೇಕು. ಲೆಕ್ಕದ ಪುಸ್ತಕದಲ್ಲಿ ಚೀಟಿಯಿಲ್ಲದ ಬಾಬ್ತನ್ನು ಜಮೆಗೆ ಬರೆಯುವವನನ್ನು ನಾವು ಏನೆಂದು ಕರೆಯುತ್ತೇವೆ? ಕೋಲಾರಮ್ಮನ ಗುಡಿಯ ಗೋಡೆಯ ಮೇಲೆ ಪಿಡಾರಿಯ ಹೆಸರಿರುವಾಗ ಅದನ್ನು ಪಿಡಾರಿಯ ಗುಡಿಯೆಂದೇ ಹೇಳಬೇಕು, ಬಾಗಿಲಲ್ಲಿ ಪಾದರಕ್ಷೆ ಬಿಟ್ಟು ಒಳಹೋಗಿ ಗೌರವದಿಂದ ನೋಡಿ ಬರಬೇಕು. ‘ಈ ಊರಿನಲ್ಲಿ ಗಂಗರ ಕಾಲದ ಬಸದಿ ಇಂದು ಕಣ್ಣಿಗೆ ಕಾಣುವುದಿಲ್ಲ’ ಎಂಬ ಉತ್ತರವನ್ನು ಕೊಡಲು ನಾಚಿಕೆಪಡಬೇಕಾಗಿಲ್ಲ. ಆ ಪ್ರಶ್ನೆಗೆ ನಿಜವಾದ ಉತ್ತರ ಇದೇ ಸೀಮೆಯಲ್ಲಿ, ಮಾಲೂರು ತಾಲ್ಲೂಕಿನಲ್ಲಿ ಇದೆ. ಅದನ್ನು ಮೂರನೆಯ ದಿನಕ್ಕೆ ಇಟ್ಟುಕೊಳ್ಳುವುದು ಉಚಿತ.

ಎರಡನೆಯ ದಿನ ಮುಳಬಾಗಿಲು. ವಿಜಯನಗರದವರ ನಾಡಿಗೆ ಮೂಡಲ ಬಾಗಿಲಾಗಿದ್ದ ಊರು. ಹದಿನಾಲ್ಕನೆಯ ಶತಮಾನದಲ್ಲಿ ಕುಮಾರ ಕಂಪಣನು ಈ ಪ್ರಾಂತವನ್ನು ಆಳಿ ಇತ್ತಲಿಂದಲೇ ತಮಿಳುನಾಡಿನತ್ತ ದಂಡೆತ್ತಿದ. ಆಂಜನೇಯನ ಗುಡಿ, ಶ್ರೀಪಾದರಾಜರ ಬೃಂದಾವನವಿರುವ ನರಸಿಂಹತೀರ್ಥ, ಹೈದರ್ ವಲಿ ದರ್ಗಾ ಒಂದೇ ಪಟ್ಟಣದ ಸುತ್ತ ಇವೆ. 1887ರಲ್ಲಿ ಡಿ.ವಿ. ಗುಂಡಪ್ಪನವರು ಹುಟ್ಟಿದ್ದೂ ಇಲ್ಲಿಯೇ. ಕುರುಡುಮಲೆಯ ಬೃಹತ್ ಗಣಪತಿಯನ್ನು ಕಾಣಲು ಚುನಾವಣೆಯ ಕಾಲದಲ್ಲಿ ಅಭ್ಯರ್ಥಿಗಳ ಸಾಲೇ ನಿಲ್ಲುತ್ತದೆ. ಉಳಿದ ದಿನಗಳಲ್ಲಿ ನೆಮ್ಮದಿಯಾಗಿ ನೋಡಬಹುದು. ಆದರೆ ಈ ತಾಲ್ಲೂಕಿನಲ್ಲಿ ಹೆಚ್ಚು ಹೊತ್ತನ್ನು ಮೀಸಲಿಡಬೇಕಾದುದು ಆವಣಿಗೆ. ನೊಳಂಬರ ಕಾಲದ ರಾಮಲಿಂಗೇಶ್ವರ ದೇವಾಲಯ ಸಮುಚ್ಚಯದಲ್ಲಿ ರಾಮ, ಲಕ್ಷ್ಮಣ, ಭರತ, ಶತ್ರುಘ್ನರ ಹೆಸರಿನ ಗುಡಿಗಳು ಒಂದೇ ಪ್ರಾಕಾರದಲ್ಲಿವೆ. ಇಲ್ಲಿಯ ಶೈವ ಮಠಕ್ಕೆ ಹತ್ತನೆಯ ಶತಮಾನದಲ್ಲಿ ಅಧಿಪತಿಯಾಗಿದ್ದ ತ್ರಿಭುವನಕರ್ತನೆಂಬ ಯತಿ ನಲವತ್ತು ವರ್ಷ ಸ್ಥಾನವನ್ನು ನಡೆಸಿ ಐವತ್ತು ದೇಗುಲಗಳನ್ನೂ ಎರಡು ದೊಡ್ಡ ಕೆರೆಗಳನ್ನೂ ಮಾಡಿಸಿದನೆಂದು ಶಾಸನ ಹೇಳುತ್ತದೆ. ಮಳೆಯನ್ನೇ ನಂಬಿದ ಈ ಸೀಮೆಯಲ್ಲಿ ಐವತ್ತು ಗುಡಿಗಳ ಪಕ್ಕದಲ್ಲಿ ಎರಡು ಕೆರೆಗಳನ್ನೂ ಲೆಕ್ಕ ಹಿಡಿದು ಬರೆಸಿದವರ ವಿವೇಕ ದೊಡ್ಡದು. ಅನ್ಯಮತದ ಯತಿಯೆಂದು ಈ ಶಾಸನದ ಮುಂದೆ ಬೇಗ ಹೆಜ್ಜೆ ಹಾಕುವ ಶ್ರಾವಕನು ದಾನದ ಅಧ್ಯಾಯವನ್ನು ಅರ್ಧ ಓದಿದವನು.

ಶ್ರೀನಿವಾಸಪುರದ ಕಡೆಯಿಂದ ಬರುವವರು ಅಥವಾ ಹೋಗುವವರು ಆ ಊರಿಗೆ ಹಿಂದೆ ಪಾಪನಪಲ್ಲಿ ಎಂಬ ಹೆಸರಿದ್ದುದನ್ನೂ, ದಿವಾನ್ ಪೂರ್ಣಯ್ಯನವರು ತಿರುಪತಿ ಯಾತ್ರೆಯಿಂದ ಮರಳುವಾಗ ತಮ್ಮ ಮಗನ ಹೆಸರನ್ನು ಇಟ್ಟರೆಂಬುದನ್ನೂ ತಿಳಿದಿದ್ದರೆ ಸಾಕು. ಬೇಸಿಗೆಯಾದರೆ ಮಾವಿನ ಮಂಡಿಗಳಲ್ಲಿ ಗಾಡಿ ನಿಲ್ಲಿಸದೆ ಮುಂದೆ ಹೋಗುವುದು ಕಷ್ಟ.

ಮೂರನೆಯ ದಿನದ ಬೆಳಗು ಮಾಲೂರಿಗೆ. ಹೆಂಚಿನ ಕಾರ್ಖಾನೆಗಳಿಂದ ಈ ಊರು ಎಲ್ಲರಿಗೂ ಪರಿಚಿತ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ತಾಲ್ಲೂಕೆಂದು ಸಾಹಿತ್ಯಾಸಕ್ತರಿಗೆ ಪರಿಚಿತ. ಜೈನರಿಗೆ ಇದು ಪರಿಚಿತವಾಗಬೇಕಾದುದು ನೊಣಮಂಗಲದಿಂದ. ಮಾಲೂರಿನ ದಕ್ಷಿಣಕ್ಕಿರುವ ಈ ಗ್ರಾಮದಲ್ಲಿ 1897ರಲ್ಲಿ ಪ್ರಾಚೀನ ಬಸದಿಯೊಂದರ ತಳಪಾಯವು ಬೆಳಕಿಗೆ ಬಂದಿತು. ಅದರೊಡನೆ ಲೋಹದ ಮೂರ್ತಿಗಳು, ವಾದ್ಯಗಳು ಹಾಗೂ ತಾಮ್ರಶಾಸನಗಳು ದೊರೆತವು. ಬಿ.ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಹತ್ತನೆಯ ಸಂಪುಟದಲ್ಲಿ ಇವು ಮಾಲೂರು ತಾಲ್ಲೂಕಿನ 72 ಮತ್ತು 73ನೆಯ ಶಾಸನಗಳು. ಸಂಸ್ಕೃತದಲ್ಲಿರುವ ಇವನ್ನು ರೈಸ್ ಅವರು ನಾಲ್ಕು, ಐದನೆಯ ಶತಮಾನಗಳಿಗೆ ಸೇರಿಸಿದರು. ಅನಂತರದ ವಿದ್ವಾಂಸರಲ್ಲಿ ಕೆಲವರು ಸ್ವಲ್ಪ ಈಚೆಗೆ ತರುತ್ತಾರೆ. ಹೇಗೆ ಎಣಿಸಿದರೂ ಕರ್ನಾಟಕದಲ್ಲಿ ಜಿನಾಲಯಗಳಿಗೆ ಸಂದ ದಾನಗಳ ಅತಿ ಹಳೆಯ ದಾಖಲೆಗಳ ಸಾಲಿನಲ್ಲಿ ಇವು ನಿಲ್ಲುತ್ತವೆ. ಶ್ರವಣಬೆಳಗೊಳದ ಗೊಮ್ಮಟಮೂರ್ತಿ ಹತ್ತನೆಯ ಶತಮಾನದ ಕೊನೆಯದೆಂಬುದನ್ನು ನೆನೆದರೆ ಇವುಗಳ ಪ್ರಾಚೀನತೆ ಅರ್ಥವಾದೀತು.

ಒಂದು ಶಾಸನ ಗಂಗ ಮಾಧವನ ಹದಿಮೂರನೆಯ ಆಳ್ವಿಕೆಯ ವರ್ಷದ್ದು. ಆಚಾರ್ಯ ವೀರದೇವರ ಉಪದೇಶದಂತೆ, ಪೆರ್ಬೊಳಲ್ ಗ್ರಾಮದಲ್ಲಿ ಮೂಲಸಂಘದವರು ನೆಲೆಗೊಳಿಸಿದ್ದ ಅರ್ಹದಾಯತನಕ್ಕೆ ಅವನು ಭೂಮಿಯನ್ನೂ ಕುಮಾರಪುರವೆಂಬ ಗ್ರಾಮವನ್ನೂ ಬಿಟ್ಟನು. ಇನ್ನೊಂದು ಅವನ ಮಗ ಅವಿನೀತನ ಮೊದಲನೆಯ ವರ್ಷದ್ದು. ಗುರುಗಳಾದ ವಿಜಯಕೀರ್ತಿಗಳ ಉಪದೇಶದಿಂದ, ಮೂಲಸಂಘದ ಚಂದ್ರನಂದಿ ಮೊದಲಾದವರು ಸ್ಥಾಪಿಸಿದ ಉರನೂರಿನ ಅರ್ಹದಾಯತನಕ್ಕೆ ಅವನು ವೆನ್ನೆಲ್ಕರನಿ ಎಂಬ ಗ್ರಾಮವನ್ನು ಕೊಟ್ಟನು. ಪೇರೂರಿನ ಏವಾನಿ ಅಡಿಗಳ ಅರ್ಹದಾಯತನಕ್ಕೆ ಹೊರಸುಂಕದ ಕಾರ್ಷಾಪಣದಲ್ಲಿ ನಾಲ್ಕನೆಯ ಒಂದು ಭಾಗವನ್ನು ಗೊತ್ತುಮಾಡಿದನು.

ಖಡ್ಗವೂ ಕಂಬವೂ ಇಲ್ಲದ ಈ ಬರಹ ಮಕ್ಕಳಿಗೆ ರುಚಿಸದೆಂದು ತೋರಬಹುದು. ಬಿಡಿಸಿ ಹೇಳಿದರೆ ರುಚಿಸುತ್ತದೆ. ಕೊಟ್ಟವರು ಯಾರು, ಯಾವ ವರ್ಷ, ಯಾರ ಮಾತಿನ ಮೇಲೆ, ಯಾರಿಗೆ, ಏನು, ಎಷ್ಟು: ಒಂದು ದಾಖಲೆಯಲ್ಲಿ ಇರಬೇಕಾದುದೆಲ್ಲ ಇದರಲ್ಲಿ ಇದೆ. ಇಂದಿನ ಟ್ರಸ್ಟುಗಳ ರಶೀದಿ ಪುಸ್ತಕಗಳಲ್ಲಿ ಎಷ್ಟೋ ವೇಳೆ ಇಷ್ಟೂ ಸ್ಪಷ್ಟವಾಗಿರುವುದಿಲ್ಲ. ಅದಕ್ಕಿಂತ ಮುಖ್ಯವಾದುದು ಸುಂಕದ ಮಾತು. ಭೂಮಿಯ ದಾನ ಮಳೆಯನ್ನು ಅವಲಂಬಿಸಿದ್ದು. ಸುಂಕದ ದಾನ ವ್ಯಾಪಾರವನ್ನು ಅವಲಂಬಿಸಿದ್ದು. ಹೊರಗಿನ ಸರಕು ಬಂದರೆ ಕಾಲುಭಾಗ ಬಂದಿತು, ದಾರಿ ಕೆಟ್ಟು ವರ್ತಕರು ಬೇರೆ ಹಾದಿ ಹಿಡಿದರೆ ದೇವರ ದೀಪಕ್ಕೆ ಎಣ್ಣೆಯಿಲ್ಲ. ಹೀಗಾಗಿ ಆ ಜಿನಾಲಯದ ಯೋಗಕ್ಷೇಮ ಪೇಟೆಯ ಪ್ರಾಮಾಣಿಕತೆಯೊಡನೆ ಕಟ್ಟಿಹಾಕಲ್ಪಟ್ಟಿತ್ತು. ಸುಂಕ ತೆತ್ತವರೆಲ್ಲ ಜೈನರಾಗಿದ್ದರೆಂದು ಭಾವಿಸಲು ಯಾವ ಆಧಾರವೂ ಇಲ್ಲ. ಯಾವ ಯಾವ ದೇವರನ್ನು ಪೂಜಿಸುವವರು ತೆತ್ತ ಕಾಸುಗಳಿಂದ ಅಲ್ಲಿ ಅರ್ಹಂತರ ಪೂಜೆ ನಡೆಯಿತೋ ಈಗ ಹೇಳಬಲ್ಲವರಿಲ್ಲ. ಕೊಟ್ಟ ಅರಸನ ಮಾತನ್ನೇ ತೆಗೆದುಕೊಳ್ಳೋಣ. ಗಂಗರ ತಾಮ್ರಪಟಗಳ ವಂಶಾವಳಿಗಳಲ್ಲಿ ಮಾಧವನ ತಂದೆ ವಿಷ್ಣುಗೋಪನು ನಾರಾಯಣನ ಭಕ್ತ, ಮಾಧವನು ತ್ರ್ಯಂಬಕನ ಪಾದಸೇವಕ. ಶಿವಭಕ್ತನಾದ ಅರಸನು ಮೂಲಸಂಘದ ಆಲಯಕ್ಕೆ ಗ್ರಾಮ ಕೊಟ್ಟನು. ಇದನ್ನು ತಿಳಿದ ಮೇಲೆ, ಮೊದಲ ದಿನ ಕೋಲಾರಮ್ಮನ ಗುಡಿಯಲ್ಲಿ ‘ಇದು ನಮ್ಮದು’ ಎನ್ನದೆ ಹೊರಬಂದದ್ದು ಕಳೆದುಕೊಂಡ ಹಕ್ಕಾಗಿ ಕಾಣಲಾರದು.

ಇದೇ ಕಾರಣದಿಂದ ಯಾತ್ರಾಕ್ರಮದಲ್ಲಿ ಕೋಲಾರವನ್ನು ಮೊದಲು, ನೊಣಮಂಗಲವನ್ನು ಕೊನೆಗೆ ಇಡುವುದು ಯೋಗ್ಯ. ನಂದಿಬೆಟ್ಟದ ಮಗ್ಗುಲಿನ ಗೋಪಿನಾಥಬೆಟ್ಟದಲ್ಲಿಯೂ ಅರ್ಹಂತರ ಚೈತ್ಯವನ್ನು ದಶರಥನ ಮಗ ರಾಮನು ಸ್ಥಾಪಿಸಿದನೆಂದೂ ಪಾಂಡವರ ತಾಯಿ ಕುಂತಿಯು ಜೀರ್ಣೋದ್ಧಾರ ಮಾಡಿಸಿದಳೆಂದೂ ಸ್ತುತಿಸುವ ಹಳೆಯ ಶಾಸನವುಂಟು. ಅದು ಇನ್ನೊಂದು ರಜೆಗೆ ಇರಲಿ. ಸಾಲು ರಜೆಯಲ್ಲಿ ನಂದಿಯ ರಸ್ತೆಯ ದಟ್ಟಣೆ ಅಹಿಂಸೆಗೂ ಪರೀಕ್ಷೆ.

ನೊಣಮಂಗಲಕ್ಕೆ ಹೋಗುವವರು ಕಂಬಗಳನ್ನಾಗಲಿ ಶಿಖರವನ್ನಾಗಲಿ ನಿರೀಕ್ಷಿಸಬಾರದು. 1897ರಲ್ಲಿಯೇ ಅಲ್ಲಿ ಉಳಿದಿದ್ದುದು ತಳಪಾಯ. ಊರಿನ ಹಿರಿಯರನ್ನು ವಿಚಾರಿಸಿ, ಹೊಲಗಳ ಒಡೆಯರ ಒಪ್ಪಿಗೆ ಪಡೆದು, ಬೆಳೆ ತುಳಿಯದೆ ಹೋಗಬೇಕು. ಜಾಗ ಸಿಕ್ಕಿತೆಂದು ಕೂಡಲೇ ಅಮೃತಶಿಲೆಯ ಹೊಸ ಮಂದಿರದ ಯೋಜನೆ ಹಾಕುವ ಉತ್ಸಾಹವನ್ನು ಟ್ರಸ್ಟುಗಳು ತಡೆಹಿಡಿಯುವುದು ಒಳಿತು. ಹಳೆಯ ತಳಪಾಯದ ಮೇಲೆ ಹೊಸ ತಳಪಾಯ ತೋಡಿದರೆ ಉಳಿದ ಸಾಕ್ಷ್ಯವೂ ಹೋಗುತ್ತದೆ. ಅಂತಹ ಕೆಲಸಕ್ಕೆ ಮೊದಲು ಬೇಕಾದವರು ಪುರಾತತ್ತ್ವ ಇಲಾಖೆಯವರು, ಗುತ್ತಿಗೆದಾರರಲ್ಲ. ಟ್ರಸ್ಟುಗಳು ಈ ವರ್ಷವೇ ಮಾಡಬಹುದಾದುದು ಸಣ್ಣ ಕೆಲಸ: ಎರಡೂ ಶಾಸನಗಳ ಕನ್ನಡ ಅನುವಾದವನ್ನು ವಿದ್ವಾಂಸರಿಂದ ಪರಿಶೀಲಿಸಿ ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ, ಯಾತ್ರಾ ಬಸ್ಸಿನಲ್ಲಿ ಪ್ರತಿ ಕುಟುಂಬಕ್ಕೆ ಒಂದರಂತೆ ಕೊಡುವುದು. ಸ್ಥಳದಲ್ಲಿ ಮಕ್ಕಳಿಂದಲೇ ಓದಿಸಿದರೆ ಹತ್ತು ನಿಮಿಷವೂ ಹಿಡಿಯದು.

ಜನವರಿಯ ಕೊನೆಯಲ್ಲಿ ಸೂರ್ಯಾಸ್ತ ಸುಮಾರು ಆರೂಕಾಲು ಗಂಟೆಗೆ. ಶೋಧಿಸಿದ ನೀರನ್ನು ಕೋಲಾರದ ವಸತಿಯಿಂದಲೇ ತುಂಬಿಕೊಂಡು ಹೊರಟು, ಟೇಕಲ್ಲಿನ ವರದರಾಜ ದೇವಾಲಯವನ್ನು ನೋಡಿ, ಹತ್ತು ಗಂಟೆಯ ಹೊತ್ತಿಗೆ ನೊಣಮಂಗಲ ತಲಪಿದರೆ ಮಧ್ಯಾಹ್ನದ ಊಟಕ್ಕೆ ಮಾಲೂರು. ಅಲ್ಲಿಂದ ಬೆಂಗಳೂರಿಗೆ ರೈಲೂ ಇದೆ, ರಸ್ತೆಯೂ ಇದೆ. ಸಾಲು ರಜೆಯ ಕೊನೆಯ ಸಂಜೆಯ ದಟ್ಟಣೆ ಆರಂಭವಾಗುವ ಮುನ್ನ ಹೊರಟವರು ಹಗಲಿನಲ್ಲಿಯೇ ಮನೆ ಸೇರಿ, ಅಡುಗೆ ಮಾಡಿ, ಬೆಳಕಿರುವಾಗಲೇ ಊಟಕ್ಕೆ ಕುಳಿತುಕೊಳ್ಳಬಹುದು.